ಷಡ್ಡಕರಿಗೆ ದೇಶ ತೋರಿಸಿದ್ದು

ನನಗೆ ಸಂಬಳ ಬರುವುದು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನಿಂದ. ಆದರೆ ಈಚಿನ ಕೆಲವು ವರ್ಷಗಳಿಂದ ನಾನು ಮನಸ್ಸಿನೊಳಗೇ ಬಹರೈನಿನ ಪ್ರವಾಸೋದ್ಯಮ ಮಂತ್ರಿಯಾಗಿಯೂ ಕೆಲಸ ಮಾಡುತ್ತಿದ್ದೇನೆ. ಇದಕ್ಕೆ ನನ್ನನ್ನು ಯಾರೂ ನೇಮಿಸಿಲ್ಲ, ಸಂಬಳವೂ ಇಲ್ಲ. ಜುಫೈರ್‌ನಲ್ಲಿ ನಮ್ಮ ಫ್ಲ್ಯಾಟಿನ ಎದುರಿಗೆ ಹೊಸ ಹೋಟೆಲೊಂದು ಏಳುತ್ತಿದ್ದಾಗ ದಿನವೂ ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತು ಅದರ ಮಹಡಿಗಳನ್ನು ಮೇಲ್ವಿಚಾರಣೆ ಮಾಡಿದವನು ನಾನು. ಬಂದರಿಗೆ ಪ್ರವಾಸಿ ಹಡಗು ಬಂತೆಂದರೆ ನಮ್ಮ ಮನೆಗೇ ಬೀಗರು ಬಂದಷ್ಟು ಹಿಗ್ಗು. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬೀದಿಯಲ್ಲಿ ದಿಕ್ಕು ತಪ್ಪಿ ನಿಂತವರನ್ನು ಕಂಡರೆ ಕಾರು ನಿಲ್ಲಿಸಿ ದಾರಿ ಹೇಳುತ್ತೇನೆ, ಎಷ್ಟೋ ಸಲ ತಪ್ಪು ದಾರಿ. ನನ್ನ ಹೆಂಡತಿ ವೀಣಾ, "ನಿಮ್ಮಪ್ಪನ ದೇಶ ಆಗಿದ್ರೂ ಇಷ್ಟು ಹಿಗ್ಗತಿದ್ದಿಲ್ಲ ನೀವು" ಅನ್ನುತ್ತಾಳೆ.

ಈ ಹಿಗ್ಗಿನ ಹಿಂದೆ ಒಂದು ಹಳೆಯ ಹೊಟ್ಟೆಯುರಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದಿಂದ ನಾನು ಬಹರೈನಿನಲ್ಲಿದ್ದರೂ ನಮ್ಮ ಧಾರವಾಡದಲ್ಲಿ ಯಾರೂ ಅದನ್ನು ಒಪ್ಪಿಲ್ಲ. ಕಟಿಂಗ್ ಮಾಡಿಸಿಕೊಳ್ಳಲು ಕೂತರೆ, "ದುಬೈದಾಗ ಇದ್ದೀರಂತಲ್ರೀ" ಎಂದೇ ಮಾತು ಶುರು. ಅಲ್ಲಪ್ಪ, ಬಹರೈನ್, ಬೇರೆ ದೇಶ, ದ್ವೀಪ ಎಂದು ಬಿಡಿಸಿ ಹೇಳಿದರೆ, "ಅದ ಅದ, ದುಬೈ ಬಾಜೂಕ" ಎಂದು ಅಂಗಡಿಯವನು ಮತ್ತೆ ಕತ್ತರಿ ಹಿಡಿಯುತ್ತಾನೆ. ಇದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ನನ್ನ ಷಡ್ಡಕ, ಅಂದರೆ ವೀಣಾಳ ಅಕ್ಕನ ಗಂಡ ಪ್ರಕಾಶ್, ಅದೇ ದುಬೈಯಲ್ಲಿದ್ದಾರೆ. ಬೆಂಗಳೂರಿನವರು, ಒಳ್ಳೆಯ ಮನುಷ್ಯ. ಒಂದೇ ಮನೆಯ ಇಬ್ಬರು ಅಳಿಯಂದಿರಲ್ಲಿ ಒಬ್ಬ ಒಳ್ಳೆಯವನಾಗಿದ್ದರೆ ಇನ್ನೊಬ್ಬನಿಗೆ ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು.

ಕಳೆದ ಚಳಿಗಾಲದಲ್ಲಿ ನಮ್ಮ ಅತ್ತೆ ದುಬೈಗೆ ಬಂದಿದ್ದರು. ಅಲ್ಲಿ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ವಾರಾಂತ್ಯದ ರಜೆಗೆ ಪ್ರಕಾಶರೊಬ್ಬರೇ ಅವರನ್ನು ನಮ್ಮಲ್ಲಿಗೆ ಕರೆತರುವುದೆಂದು ಗೊತ್ತಾಯಿತು. ಫೋನಿನಲ್ಲಿ ವೀಣಾ ಅಕ್ಕನಿಂದ ಇನ್ನೊಂದು ವಿಷಯವನ್ನೂ ಹೊರತೆಗೆದಳು. ಬರುವ ದಸರೆಗೆ ಅತ್ತೆ ಮತ್ತೆ ಬರುತ್ತಾರೆ, ಆದರೆ ಯಾವ ಮಗಳ ಮನೆಯಲ್ಲಿ ಘಟ್ಟ ಹಾಕುವುದು, ಅಂದರೆ ನವರಾತ್ರಿಯ ಕಲಶ ಕೂಡಿಸುವುದು ಎಂದು ಇನ್ನೂ ನಿಕ್ಕಿಯಾಗಿಲ್ಲ. ಅತ್ತೆ ಒಂಬತ್ತು ದಿನ ದೀಪ ಹಚ್ಚಿ ಕೂತರೆಂದರೆ ಆ ಮನೆಗೆ ಒಂದು ಕಳೆ, ಆ ಅಳಿಯನಿಗೆ ಒಂದು ತೂಕ, ಹೋಳಿಗೆ ಬೇರೆ. ನನಗೆ ಆ ದಸರೆ ಬೇಕೇ ಬೇಕಿತ್ತು. ಹಬ್ಬದ ವಿಷಯದಲ್ಲಿ ನಾನು ಸ್ವಲ್ಪ ಹೆಂಗರುಳಿನವನು. ಪ್ರತಿವರ್ಷ ದಸರೆ ಬಂತೆಂದರೆ, "ಈ ಉಸುಕಿನಾಗ ಬನ್ನಿ ಎಲ್ಲಿಂದ ತರಬೇಕ್ರೀ" ಎಂದು ಅತ್ತೆಗೆ ಫೋನಿನಲ್ಲಿ ಗೋಳಾಡುತ್ತಿದ್ದೆ. ಅವರು ಪಾಪ, ನಾಲ್ಕೆಲೆ ಕೊಯ್ದು, ಪೇಪರಿನಲ್ಲಿ ಸುತ್ತಿ, ಇತ್ತ ಬರುವ ಯಾರದೋ ಸೂಟ್‌ಕೇಸಿಗೆ ತುರುಕಿ ಕಳಿಸುತ್ತಿದ್ದರು. ಅದು ಇಲ್ಲಿಗೆ ಮುಟ್ಟುವಷ್ಟರಲ್ಲಿ ನಶ್ಯದಂತಾಗಿರುತ್ತಿತ್ತು. ಆ ಪುಡಿಯನ್ನೇ ಚಿಟಿಕೆ ಚಿಟಿಕೆ ಹಂಚಿಕೊಂಡು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ನಮಸ್ಕಾರ ಮಾಡುತ್ತಿದ್ದೆವು.

ಹೀಗೆ ಅತ್ತೆಗೂ ಷಡ್ಡಕರಿಗೂ ಬಹರೈನ್ ತೋರಿಸಿ ಗೆಲ್ಲುವುದೆಂದು ನಿರ್ಧರಿಸಿದೆ. ಆಗ ಒಂದು ಸಣ್ಣ ತೊಡಕು ಎದುರಾಯಿತು. ಬಹರೈನನ್ನು ನಾನೇ ನೋಡಿರಲಿಲ್ಲ. ಮನೆ, ಬ್ಯಾಂಕು, ಸೂಪರ್‌ಮಾರ್ಕೆಟ್ಟು, ದೇವಸ್ಥಾನ, ಇಷ್ಟರಲ್ಲೇ ಹನ್ನೆರಡು ವರ್ಷ ಓಡಿಹೋಗಿತ್ತು. ಇಲ್ಲೇ ಇದೆಯಲ್ಲ, ಎಲ್ಲಿಗೆ ಓಡಿಹೋಗುತ್ತದೆ ಎಂದು ಕೋಟೆಯನ್ನು ಮುಂದೂಡಿದ್ದೆ, ಮುತ್ತಿನ ವ್ಯಾಪಾರಿಗಳ ಹಳೆಯ ಬೀದಿಯನ್ನು ಮುಂದೂಡಿದ್ದೆ. ಮಂತ್ರಿಗಳು ತಮ್ಮ ಇಲಾಖೆಯನ್ನು ನೋಡಿರಬೇಕೆಂಬ ನಿಯಮವೇನೂ ಇಲ್ಲವಲ್ಲ. ಎರಡು ದಿನ ಬ್ಯಾಂಕಿನಲ್ಲಿ ಕೂತು, ಮ್ಯಾನೇಜರ್ ಅತ್ತ ಹೋದಾಗಲೆಲ್ಲ, ಯಾರೋ ಪ್ರವಾಸಿಗಳು ಮಾಡಿ ಹಾಕಿದ ವಿಡಿಯೋ ನೋಡಿ ನಮ್ಮ ದೇಶವನ್ನು ಬಾಯಿಪಾಠ ಮಾಡಿದೆ.

ಶುಕ್ರವಾರ ಕೋಟೆಗೆ ಹೋದೆವು. ಚಳಿಗಾಲದ ಬಿಸಿಲು, ಹಿಂದೆ ನೀಲಿ ಸಮುದ್ರ, ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥ ಚೆಂದದ ಜಾಗ ನಮ್ಮ ಮನೆಯಿಂದ ಇಷ್ಟು ಹತ್ತಿರ ಇತ್ತೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಯಾವಾಗಲೂ ನೋಡುತ್ತಿರುವವನ ಗತ್ತಿನಲ್ಲಿ ಮುಂದೆ ನಡೆದೆ. ಅತ್ತೆ, "ಕ್ವಾಟಿ ಛಲೋ ಅದ" ಎಂದರು. ಪ್ರಕಾಶರು, "ಚೆನ್ನಾಗಿದೆ ರೀ. ಆದ್ರೆ ನಮ್ಮ ಮಾಲ್ ಇದಕ್ಕಿಂತ ದೊಡ್ದಿದೆ" ಎಂದರು. ಕೋಟೆಗೂ ಮಾಲಿಗೂ ಏನು ಸಂಬಂಧವೋ ಎಂದುಕೊಂಡು ಎಲ್ಲರನ್ನೂ ಕಾರು ಹತ್ತಿಸಿದೆ. ಮುಹರಕ್‌ನ ಮುತ್ತಿನ ವ್ಯಾಪಾರಿಗಳ ಹಳೆಯ ಗಲ್ಲಿಗಳಲ್ಲಿ ನಾನೇ ದಾರಿ ತಪ್ಪಿದೆ. ಮನೆಯ ಬಾಗಿಲಲ್ಲಿ ಕೂತಿದ್ದ ಅಜ್ಜನೊಬ್ಬ ನಮ್ಮನ್ನು ನೋಡಿ ನಗುತ್ತ ಕರೆದು, ಖರ್ಜೂರ ಕೊಟ್ಟು, ಸಣ್ಣ ಲೋಟದಲ್ಲಿ ಖಹ್ವಾ ಎಂಬ ಅರಬ್ಬಿ ಕಾಫಿ ಕುಡಿಸಿ, ದಾರಿ ತೋರಿಸಿದ. ಅತ್ತೆ ಕೈಮುಗಿದು, ಅರಬ್ಬಿಯಲ್ಲೇ, "ಶುಕ್ರನ್" ಎಂದು ಉಪಕಾರ ಹೇಳಿದರು. "ದುಬೈನಲ್ಲಿ ನಾನೇ ಹೇಳಿಕೊಟ್ಟಿದ್ದು" ಎಂದು ಪ್ರಕಾಶರು ಆ ಪುಣ್ಯವನ್ನೂ ತಮ್ಮ ಜೇಬಿಗೆ ಹಾಕಿಕೊಂಡರು.

ಶನಿವಾರ ನನ್ನ ಕೊನೆಯ ಅಸ್ತ್ರ ಉಳಿದಿತ್ತು: ಮರಳುಗಾಡಿನ ನಡುವೆ ಒಂಟಿಯಾಗಿ ನಿಂತಿರುವ ಜೀವವೃಕ್ಷ. ಈ ದೇಶಕ್ಕೆ ಬಂದ ಪ್ರವಾಸಿ ಇದನ್ನು ನೋಡದೆ ಹೋಗುವುದಿಲ್ಲ ಎಂದು ವಿಡಿಯೋದಲ್ಲಿ ಹೇಳಿದ್ದರು. ಕಾರು ಅವಾಲಿ ಊರು ದಾಟಿತು, ತೈಲದ ಕೊಳವೆಗಳು ರಸ್ತೆಯ ಪಕ್ಕದಲ್ಲೇ ಓಡಿ ಬಂದವು. ಪ್ರಕಾಶರು ಗಡಿಯಾರ ನೋಡಿಕೊಂಡು, "ರಾಘು, ನಿಮ್ಮ ಕಂಟ್ರಿ ಮುಗೀತಾ?" ಎಂದರು. "ಇನ್ನೂ ಭಾಳ ಅದ" ಎಂದೆ, ಹಲ್ಲು ಕಚ್ಚಿಕೊಂಡು. ಮರದ ಹತ್ತಿರ ಹಡಗಿನ ಪ್ರವಾಸಿಗಳನ್ನು ತಂದ ಬಸ್ಸುಗಳು ನಿಂತಿದ್ದವು. ನನ್ನ ಎದೆ ಉಬ್ಬಿತು. ನೂರಾರು ವರ್ಷದ ಮರ, ಸುತ್ತಮುತ್ತ ಹನಿ ನೀರಿಲ್ಲ, ಹೇಗೆ ಬದುಕಿದೆಯೋ ಯಾರಿಗೂ ಗೊತ್ತಿಲ್ಲ ಎಂದು ಬಾಯಿಪಾಠ ಒಪ್ಪಿಸಿದೆ.

"ರೀ, ಒಂದು ಮರ ನೋಡೋಕೆ ಫ್ಲೈಟ್ ಹತ್ತಿ ಬಂದ್ವಾ?" ಎಂದರು ಷಡ್ಡಕರು.

ದಸರೆ ಕೈತಪ್ಪಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮರದ ಕಡೆ ಹೊರಟಿದ್ದರು. ಬಾಗಿದ ಕೊಂಬೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಆ ಸಣ್ಣ ಸಣ್ಣ ಎಲೆಗಳನ್ನೂ ಮುಳ್ಳನ್ನೂ ನೋಡಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು.

"ಅಳಿಯಂದ್ರ, ಇದು ಬನ್ನಿ ಗಿಡ ಅಲ್ಲೇನ್ರೀ?"

ನಾನು ಆ ಮರವನ್ನು ಆಗ ಮೊದಲ ಸಲ ನೋಡಿದೆ. ಬನ್ನಿಯೇ. ನಮ್ಮೂರಿನಲ್ಲಿ ಎಷ್ಟೋ ಸಲ ಹತ್ತಿ ಮೈಕೈ ಗೀರಿಕೊಂಡಿದ್ದ ಅದೇ ಬನ್ನಿ.

"ಹನ್ನೆರಡು ವರ್ಷ ಧಾರವಾಡದಿಂದ ಬನ್ನಿ ಕಟ್ಟಿ ಕಟ್ಟಿ ಕಳಿಸೇನಿ. ವಿಮಾನದಾಗ ಬರೋರ ಕೈಕಾಲು ಹಿಡದೇನಿ. ಜಗತ್ತೆಲ್ಲಾ ಬಂದು ನೋಡಿ ಹೋಗೂ ಬನ್ನಿ ನಿಮ್ಮ ಮನಿ ಹಿತ್ತಲದಾಗ ಅದ. ಒಮ್ಮೆನೂ ಬಂದಿಲ್ಲೇನು ನೀವು?"

ನನ್ನ ಮಂತ್ರಿಪದವಿ ಅಲ್ಲೇ ಹೋಯಿತು. ವೀಣಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪ್ರಕಾಶರು ಮಾತ್ರ ಉತ್ಸಾಹದಿಂದ ಮುಂದೆ ಬಂದು, "ಇದಾ? ಇದು ನಮ್ಮ ದುಬೈ ಕಡೆ ನ್ಯಾಷನಲ್ ಟ್ರೀ, ರಸ್ತೆ ರಸ್ತೆಗೂ ಇದೆ" ಎಂದರು. ಅತ್ತೆ ಅವರ ಕಡೆ ತಿರುಗಿದರು. "ರಸ್ತಾ ರಸ್ತಾಕ್ಕ ಬನ್ನಿ ಇಟ್ಟುಕೊಂಡು ತಿಂಗಳಗಟ್ಟಲೆ ನನಗ ಮಾಲ್ ತೋರಿಸಿದ್ರ್ಯಾ?" ಎಂದರು. ಅಂದು ನನಗೆ ಷಡ್ಡಕರ ಮೇಲೆ ಮೊದಲ ಬಾರಿಗೆ ನಿಜವಾದ ಪ್ರೀತಿ ಉಕ್ಕಿತು.

ಅತ್ತೆ ಪ್ರದಕ್ಷಿಣೆ ಆರಂಭಿಸಿದರು. ಹಿಂದೆ ನಾವು ಮೂವರೂ ತಲೆ ತಗ್ಗಿಸಿಕೊಂಡು ನಡೆದೆವು. ಒಂದು ಸುತ್ತು ಮುಗಿಸಿ ತಿರುಗಿ ನೋಡಿದರೆ ಹಡಗಿನಿಂದ ಬಂದವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಇಲ್ಲಿಯ ಪದ್ಧತಿಯೇ ಇರಬೇಕೆಂದು, ನಮ್ಮ ಹಿಂದೆ ಸಾಲಾಗಿ ಬರುತ್ತಿದ್ದಾರೆ. ಎಲೆ ಕೀಳಲು ಅತ್ತೆ ಕೈ ಎತ್ತಿದಾಗ ಕಾವಲಿನವನು ಓಡಿಬಂದು, "ಮಮ್ನೂ, ಮಮ್ನೂ", ಕೀಳಬಾರದು ಎಂದು ತಡೆದ. ನಾನು ನನ್ನ ಮುರುಕು ಅರಬ್ಬಿಯಲ್ಲಿ ವಿವರಿಸಿದ್ದು ಅವನಿಗೆ ಏನು ತಿಳಿಯಿತೋ, ಕೆಳಗೆ ಬಿದ್ದದ್ದನ್ನು ಆರಿಸಿಕೊಳ್ಳಬಹುದು ಎಂದು ಕೈಸನ್ನೆ ಮಾಡಿದ. ಅತ್ತೆ ಆರಿಸಿ ಮೊದಲು ಅವನ ಕೈಗೇ ಎರಡು ಎಲೆ ಇಟ್ಟರು. ಆಮೇಲೆ ಹಡಗಿನವರಿಗೂ ಹಂಚಿದರು. ಫೆಬ್ರುವರಿ ತಿಂಗಳಲ್ಲಿ, ಮರಳುಗಾಡಿನ ನಡುವೆ, ಯಾವ ಯಾವುದೋ ದೇಶದವರು ಒಬ್ಬರಿಗೊಬ್ಬರು ಬನ್ನಿ ಕೊಟ್ಟು ನಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ವಾಪಸು ಬರುವಾಗ ಕಾರಿನಲ್ಲಿ ಅತ್ತೆ, "ಬರೂ ದಸರಾಕ್ಕ ಇಲ್ಲೇ ಘಟ್ಟ ಹಾಕೂದು" ಎಂದುಬಿಟ್ಟರು. ಗೆದ್ದೆ. ಆ ಸಂತೋಷದಲ್ಲಿ ಷಡ್ಡಕರಿಗೂ, "ನೀವೂ ಎಲ್ಲರನ್ನೂ ಕರಕೊಂಡು ಬರಬೇಕು" ಎಂದೆ. ಅತ್ತೆ ಧಾರವಾಡಕ್ಕೆ ಹೋದವರು ಸುಮ್ಮನಿರಬೇಕಲ್ಲ. ಅಳಿಯನ ದೇಶದಲ್ಲಿ ನೂರಾರು ವರ್ಷದ ಬನ್ನಿ ಇದೆ, ನೀರಿಲ್ಲದೆ ಬದುಕಿದೆ, ದೊಡ್ಡ ಜಾಗೃತ ಸ್ಥಾನ ಎಂದು ಓಣಿಗೆಲ್ಲ ಸಾರಿದರು. ಈಗ ವೀಣಾಳ ಚಿಕ್ಕಪ್ಪನ ಕುಟುಂಬ ಟಿಕೆಟ್ ತೆಗೆಸಿದೆ, ಸೋದರತ್ತೆ ಪಾಸ್‌ಪೋರ್ಟಿಗೆ ಹಾಕಿದ್ದಾರೆ, ಪ್ರಕಾಶರ ಮನೆಯವರಂತೂ ಹೇಗೂ ಬರುತ್ತಾರೆ. ಕಟಿಂಗ್ ಅಂಗಡಿಯವನೂ ಫೋನ್ ಮಾಡಿ, "ಬಹರೈನ್‌ಕ ವೀಸಾ ಹೆಂಗ್ರೀ?" ಎಂದು ಕೇಳಿದ. ಅವನ ಬಾಯಲ್ಲಿ ಆ ಹೆಸರು ಕೇಳಲು ನಾನು ಹನ್ನೆರಡು ವರ್ಷ ಕಾದಿದ್ದೆ. ಕೇಳಿದಾಗ ಮಾತ್ರ ನಮ್ಮ ಎರಡು ಕೋಣೆಯ ಫ್ಲ್ಯಾಟು ಕಣ್ಣ ಮುಂದೆ ಬಂತು.

ಹಾಸಿಗೆಗಳ ಲೆಕ್ಕ ಎಷ್ಟು ಸಲ ಹಾಕಿದರೂ ಇಬ್ಬರು ಉಳಿಯುತ್ತಿದ್ದರು. ಆ ಇಬ್ಬರು ನಾವೇ. ಕೊನೆಗೆ ವೀಣಾ ಬಾಲ್ಕನಿಯಲ್ಲಿ ನಿಂತು ಎದುರಿನ ಹೋಟೆಲನ್ನು ತೋರಿಸಿ, "ನೀವೇ ಮುಂದ ನಿಂತು ಕಟ್ಟಿಸೀರಲ್ಲ, ಅದರಾಗ ನಮ್ಮಿಬ್ಬರಿಗೆ ಒಂದು ರೂಮು ಹಿಡೀರಿ" ಎಂದಳು. ಫೋನ್ ಮಾಡಿದೆ. ದಸರೆಯ ಹೊತ್ತಿಗೆ ಬೇಕಾದ ಕೋಣೆ ಗೊತ್ತುಮಾಡಿ ಆದ ಮೇಲೆ ಹೋಟೆಲಿನ ಹುಡುಗಿ ಇಂಗ್ಲಿಷಿನಲ್ಲಿ ಬಲು ವಿನಯದಿಂದ, "ಬಹರೈನ್ ನೋಡುತ್ತಿರುವುದು ಇದೇ ಮೊದಲ ಸಲವಾ ಸರ್?" ಎಂದು ಕೇಳಿದಳು.

ನಾನು ಸ್ವಲ್ಪ ಯೋಚಿಸಿ, "ಹೂಂ, ಈಗ ಶುರು ಮಾಡೀನಮ್ಮಾ" ಎಂದು ಅವಳಿಗೆ ತಿಳಿಯದ ಕನ್ನಡದಲ್ಲೇ ಹೇಳಿದೆ.