ದಪ್ಪಕ್ಷರಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ ಹರಿಹರದ ಹೊಳೆಗೆ ಬಿಡಿ. ಇಷ್ಟು ಸತ್ಯ ನುಡಿಯುವ ಬಾಯಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಕಚೇರಿಗೆ ಕೊಡುವ ಅರ್ಜಿಯಲ್ಲಿ ‘ವಿಷಯ’ದ ಸಾಲು ದಪ್ಪಕ್ಷರದಲ್ಲಿರಬೇಕು, ಅದರಡಿ ಗೆರೆ ಇರಬೇಕು. ಇದಕ್ಕೆ ತಿದ್ದುಪಡಿ ಇಲ್ಲ. ಅರ್ಜಿಯನ್ನು ‘ಅರ್ಜಿಬಂಧು’ ಎಂಬ ಮುಕ್ತ ತಂತ್ರಾಂಶದಲ್ಲೇ ಕಳಿಸಬೇಕು. ಇದಕ್ಕೂ ಇಲ್ಲ. ಅರ್ಜಿಬಂಧುವಿನಲ್ಲಿ ದಪ್ಪಕ್ಷರವೂ ಇಲ್ಲ, ಗೆರೆಯೂ ಇಲ್ಲ.

ಹೀಗಾಗಿ, ಹರಿಹರ ಬಸ್‌ಸ್ಟ್ಯಾಂಡಿನ ಎದುರು ಟೈಪಿಂಗ್ ಅಂಗಡಿ ಇಟ್ಟಿರುವ ತಸ್ಲೀಮ್, ಭಾನುವಳ್ಳಿಯ ಕೆಂಚವ್ವನ ಓಣಿಗೆ ನಲ್ಲಿ ನೀರು ಕೇಳಿ ಕಳಿಸಿದ ಅರ್ಜಿ ನಾಲ್ಕು ಸಲ ವಾಪಸ್ ಬಂತು. ಷರಾ: ‘ವಿಷಯ ತೆಳ್ಳಗಿದೆ.’

ಹರಿಹರದಲ್ಲೇ ನೀರು ತುಂಬಿಕೊಂಡು ಹೋಗಲು ಕೊಡ ಸಮೇತ ಬಂದಿದ್ದ ಕೆಂಚವ್ವ, “ಮತ್ತ ಬಂತೇನವ್ವಾ? ಕೊಡ ಹೊತ್ತು ನಾ ತೆಳ್ಳಗಾದೆ, ನನ್ನ ಅರ್ಜಿಗೆ ಏನ್ ಬ್ಯಾನಿ?” ಎಂದಳು.

ಅಷ್ಟರಲ್ಲಿ ದಾವಣಗೆರೆಯ ಮಂಡಿಪೇಟೆಯಿಂದ ಪ್ರಕಟಣೆ ಹೊರಟಿತು. ‘ಅಕ್ಷರ ದಪ್ಪ ಮಾಡುವ, ಗೆರೆ ಎಳೆಯುವ ರಿಚ್ ಟೆಕ್ಸ್ಟ್ ಎಡಿಟರನ್ನು ಉಚಿತವಾಗಿ ಅಳವಡಿಸಿಕೊಡಲು ಅರ್ಜಿಬಂಧು ಪೋಷಕ ಸಮಿತಿಯು ಸ್ವಯಂಸೇವಕರನ್ನು ಆದರದಿಂದ ಆಹ್ವಾನಿಸುತ್ತದೆ.’

ತಸ್ಲೀಮ್ ಮೂರೇ ದಿನದಲ್ಲಿ ಅದನ್ನು ಬರೆದು, ಪೆನ್‌ಡ್ರೈವ್ ಹಿಡಿದು ದಾವಣಗೆರೆಗೆ ಓಡಿದಳು. ಸಮಿತಿಯ ಅಧ್ಯಕ್ಷ, ಮೆಕ್ಕೆಜೋಳದ ದಲ್ಲಾಳಿ ಲಿಂಗಣ್ಣ ಅದನ್ನು ಮುಟ್ಟಲಿಲ್ಲ.

“ಮೊದ್ಲು ಸ್ವಯಂಸೇವಕಿ ಆಗಾಕೆ ಅರ್ಜಿ ಹಾಕ್ರಿ.”

“ಹಾಕೀನ್ರಿ ಅಣ್ಣಾರ. ಅರ್ಜಿಬಂಧುದಾಗೇ ಹಾಕೀನಿ.”

“ನೋಡ್ದೆ. ವಿಷಯ ದಪ್ಪ ಇಲ್ಲಲ್ಲಮ್ಮಾ!”

“ಅದನ್ನ ದಪ್ಪ ಮಾಡೋದೇ ಈ ಪೆನ್‌ಡ್ರೈವ್‌ನ್ಯಾಗೆ ಐತ್ರಿ!”

“ಇರಬೌದು. ನಿಯಮಕ್ಕೆ ಪೆನ್‌ಡ್ರೈವ್ ಚುಚ್ಚಾಕೆ ಬರಲ್ಲ.”

ಬಂದ ನಲವತ್ತೊಂದು ಅರ್ಜಿಗಳೂ ಹೀಗೆಯೇ ತಿರಸ್ಕೃತವಾದವು. ‘ಯುವಜನರಲ್ಲಿ ಸೇವಾಮನೋಭಾವದ ಕೊರತೆ’ ಕುರಿತು ಸಮಿತಿಯು ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಮೂರು ದಿನ, ಹೋಳಿಗೆ ಊಟದೊಂದಿಗೆ ಚಿಂತಿಸಿತು. ಸದಸ್ಯರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡ ಮೇಲೆ ಹೊಸ ನಿಯಮ ಹೊರಬಿತ್ತು: ‘ದಪ್ಪವಾಗಬೇಕಾದ ಸಾಲನ್ನು ಅರ್ಜಿದಾರರೇ ಕಚೇರಿಯ ಕಿಟಕಿ ಮುಂದೆ ನಿಂತು ಗಟ್ಟಿಯಾಗಿ ಕೂಗತಕ್ಕದ್ದು. ಅಡಿಗೆರೆ ಬೇಕಿದ್ದಲ್ಲಿ ಎರಡು ಸಲ.’ ಕಚೇರಿ ಸಂತೋಷದಿಂದ ಒಪ್ಪಿತು.

ಕೆಂಚವ್ವ ಕಿಟಕಿಗೆ ಬಾಯಿಟ್ಟು ಕೂಗಿದಳು: “ನಮ್ಮ ಓಣಿಗೆ ನೀರು ಬಿಡ್ರಪ್ಪೋ!”

“ಇನ್ನೂ ಸ್ವಲ್ಪ ದಪ್ಪ,” ಎಂದ ಒಳಗಿದ್ದ ಗುಮಾಸ್ತ ಅತೀಕ್.

ಐದನೇ ಕೂಗಿಗೆ ಅರ್ಜಿ ಸ್ವೀಕೃತವಾಯಿತು. ಗಂಟಲು ಒಣಗಿ ಆಕೆ ಒಂದು ಲೋಟ ನೀರು ಕೇಳಿದಳು.

“ಅದಕ್ಕೆ ಬ್ಯಾರೆ ಅರ್ಜಿ ಕೊಡ್ಬೇಕಜ್ಜಿ,” ಎಂದ ಅತೀಕ್, ಮರ್ಯಾದೆಯಿಂದಲೇ.

ಈಗ ತಸ್ಲೀಮಳ ಅಂಗಡಿಯಲ್ಲಿ ಟೈಪಿಂಗಿನ ಜೊತೆಗೆ ಕೂಗುವುದನ್ನೂ ಕಲಿಸಲಾಗುತ್ತದೆ. ಕಚೇರಿ ಮುಂದೆ ಸಾಲುಗಟ್ಟಿದವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ, ಯಾರೂ ಗೊಣಗುವುದಿಲ್ಲ. ಕೆಂಚವ್ವನ ಓಣಿಯ ನಲ್ಲಿಗೆ ಮರುವಾರವೇ ನೀರು ಬಂತು.

ಒಂದೇ ಒಂದು ಸಣ್ಣ ವಿವರವನ್ನು, ಕಥೆಗೆ ಚೆಂದ ಕಾಣಲಿ ಎಂದು ನಾನೇ ಸೇರಿಸಿದ್ದು: ಆ ನೀರು.