ಪೈಪು ಬಿಚ್ಚಿಟ್ಟು ಹೂಡಿದ ಮುಷ್ಕರ

ನನ್ನ ಜೀವಮಾನದಲ್ಲಿ ನಾನು ಹುಟ್ಟುಹಾಕಿದ ಮುಷ್ಕರಗಳ ಪೈಕಿ ಪೂರ್ತಿ ಗೆದ್ದದ್ದು ಒಂದೇ ಒಂದು. ಅದು ನಡೆದದ್ದು ನನ್ನ ಮನೆಯ ವಿರುದ್ಧ.

ಉಳಿದವುಗಳ ಕತೆ ಕೇಳಬೇಡಿ. ಗಿರಣಿಯ ಮುಂದೆ ಧರಣಿ ಕೂತೆವು, ಗಿರಣಿಯೇ ಮುಚ್ಚಿತು. ರಸ್ತೆ ತಡೆದೆವು, ಬಸ್ಸುಗಳು ಬೇರೆ ದಾರಿ ಹಿಡಿದವು. ಕಚೇರಿಗೆ ಮುತ್ತಿಗೆ ಹಾಕಿದೆವು, ಅವತ್ತು ರಜೆ. ನನ್ನ ಬೆನ್ನಿಗೆ ಬಿದ್ದಷ್ಟು ಏಟು ಮನವಿ ಪತ್ರಗಳಿಗೆ ಸಹಿಯಾಗಿ ಬಿದ್ದಿದ್ದರೆ ಈ ದೇಶ ಎಲ್ಲಿಗೋ ಹೋಗಿರುತ್ತಿತ್ತು. ಈಗ ಹೋರಾಟ ಬಿಟ್ಟಿದ್ದೇನೆ. (ಹೋರಾಟವೇ ಇವರನ್ನು ಬಿಟ್ಟಿತು ಎಂಬುದು ಹೆಂಡತಿಯ ತಿದ್ದುಪಡಿ.)

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಲಾಂಡ್ರಿ ನಡೆಸುತ್ತಾಳೆ. ಅಲ್ಲಿ ಒಗೆಯುವ ಯಂತ್ರಗಳಿವೆ, ಬಟ್ಟೆ ನೆನೆಸುವ ಸಿಮೆಂಟಿನ ತೊಟ್ಟಿಗಳಿವೆ, ಒಂದು ಇಸ್ತ್ರಿ ಮೇಜಿದೆ, ನಾನಿದ್ದೇನೆ. ಇವುಗಳಲ್ಲಿ ಜಾಗಕ್ಕೆ ದಂಡ ಯಾವುದೆಂದು ಅವಳು ಗಿರಾಕಿಗಳ ಎದುರೇ ಹೇಳುತ್ತಾಳೆ.

ಲಾಂಡ್ರಿಯ ಕೊಳೆನೀರೆಲ್ಲ ಒಂದೇ ಪೈಪಿನಲ್ಲಿ ಹರಿದು ಪಕ್ಕದ ಓಣಿಯ ಮುಚ್ಚಳದ ಮೋರಿಗುಂಡಿಗೆ, ಅಂದರೆ ಚೇಂಬರಿಗೆ ಬೀಳುತ್ತದೆ. ಅಂಗಿಗಳಿಂದ ಕಿತ್ತ ನೂಲು, ಉದುರಿದ ಗುಂಡಿ, ಸೋಪಿನ ಜಿಡ್ಡು, ಯಾರದೋ ಜೇಬಿನಲ್ಲಿ ಉಳಿದ ಬಸ್ ಟಿಕೆಟ್ಟು, ಎಲ್ಲ ಅಲ್ಲಿ ಒಂದಾಗಿ ಹೆಪ್ಪುಗಟ್ಟಿ ಒದ್ದೆ ಕಂಬಳಿಯಾಗುತ್ತದೆ. ಜನರನ್ನು ಒಂದುಗೂಡಿಸಲು ನಾವು ಪಟ್ಟ ಪಾಡನ್ನು ನೆನೆದರೆ ಈ ಕಸದ ಒಗ್ಗಟ್ಟು ನೋಡಿ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಪ್ಲಂಬರ್ ಬಂದು ಪೈಪು ಬಿಚ್ಚಿ, ಸರಳು ತೂರಿಸಿ, ಜಾಲರಿ ತೊಳೆದು, ನಲ್ಲಿಗಳ ವಾಷರ್ ಬದಲಿಸಿ ಹೋಗುತ್ತಾನೆ. ಕೆಟ್ಟ ಮೇಲೆ ಕರೆಯುವುದಲ್ಲ, ಕೆಡುವ ಮುಂಚೆ ಕರೆಯುವುದು. ಇದು ಹೆಂಡತಿಯ ಸಿದ್ಧಾಂತ. ನನ್ನದು ಬೇರೆ. ತೇಪೆ ಹಾಕುತ್ತ ಕೂತರೆ ವ್ಯವಸ್ಥೆ ಬದಲಾಗುವುದಿಲ್ಲ. ಪೂರ್ತಿ ಕೊಳೆತು ಸ್ಫೋಟಗೊಳ್ಳಲಿ, ಬುಡದಿಂದ ಹೊಸದು ಕಟ್ಟೋಣ ಎಂದು ಒಮ್ಮೆ ಅವಳಿಗೆ ವಿವರಿಸಿದ್ದೆ.

"ಸ್ಫೋಟ ಆದ್ಮೇಲೆ ಒರೆಸೋರು ಯಾರು?" ಎಂದಳು.

ಕ್ರಾಂತಿಯ ಬಗ್ಗೆ ನಾನು ಓದಿದ ಯಾವ ದಪ್ಪ ಪುಸ್ತಕದಲ್ಲೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಅನಾಹುತ ನಡೆದ ದಿನ ತೊಟ್ಟಿಗಳಲ್ಲಿ ನೆನೆಯುತ್ತಿದ್ದದ್ದು ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಬಿಳಿ ಹಾಸುಗಳು. ಆ ಲಾಡ್ಜಿನ ಮ್ಯಾನೇಜರನ ಬಾಗಿಲು ತಟ್ಟಿ ತಟ್ಟಿ ಹೆಂಡತಿಯ ಬೆರಳ ಗಿಣ್ಣು ಸವೆದಿತ್ತು. ಕೊನೆಗೆ ಅವನು ಪರೀಕ್ಷೆಗೆಂದು ಒಂದು ರಾಶಿ ಕಳಿಸಿದ್ದ. ಸಂಜೆ ತಾನೇ ಬಂದು ನೋಡುವವನಿದ್ದ. ಮೆಚ್ಚಿದರೆ ಇಡೀ ಲಾಡ್ಜಿನ ಬಟ್ಟೆ ವರ್ಷವಿಡೀ ನಮಗೆ. ಮೆಚ್ಚದಿದ್ದರೆ ಲಾಂಡ್ರಿಗೆ ಬೀಗ. ಇದನ್ನು ಅವಳು ಅಳದೆ, ಕೂಗದೆ, ಇಸ್ತ್ರಿ ಮಾಡುತ್ತಲೇ ಹೇಳಿದ್ದಳು. ಅವಳು ಕೂಗದೆ ಹೇಳಿದ ಮಾತುಗಳು ಮಾತ್ರ ನಿಜವಾಗುತ್ತವೆ.

"ನೋಡಿ, ಶೀಟು ನೆನೆಯೋದ್ರೊಳಗೆ ಪ್ಲಂಬರ್ ಪೈಪ್ ಕ್ಲೀನ್ ಮಾಡಿ ಮುಗಿಸ್ತಾನೆ. ನಂಗೆ ಇಸ್ತ್ರಿ ಇದೆ. ನೀವು ಓಣೀಲಿ ಅವನಿಗೆ ಟಾರ್ಚ್ ಹಿಡ್ಕೊಂಡು ನಿಂತ್ಕೊಳ್ಳಿ, ಸಾಕು."

"ಅಷ್ಟೇನಾ?"

"ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ."

ಅಷ್ಟು ಮಾಡಿದ್ದರೆ ಈ ಕತೆ ಇರುತ್ತಿರಲಿಲ್ಲ.

ಪ್ಲಂಬರ್ ಮೇನ್ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದ. ಪೈಪಿನ ಬಾಗು ಬಿಚ್ಚಿ ಗೋಡೆಗೆ ಒರಗಿಸಿದ. ಚೇಂಬರಿನ ಮುಚ್ಚಳ ಎತ್ತಿ ಬೋರಲು ಮಲಗಿ ತೋಳು ಇಳಿಬಿಟ್ಟ.

"ಯಜಮಾನ್ರೇ, ಟಾರ್ಚು ಸ್ವಲ್ಪ ಈ ಕಡೆ."

ಯಜಮಾನ! ನಲವತ್ತು ವರ್ಷ ಯಜಮಾನಿಕೆಯ ವಿರುದ್ಧ ಗಂಟಲು ಹರಿದುಕೊಂಡವನಿಗೆ!

"ಹಾಗನ್ನಬೇಡಪ್ಪ. ಸಂಗಾತಿ ಅನ್ನು."

ಅವನು ತಲೆಯೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಕ್ಕ ಕೇಳಿಸ್ಕೊಂಡ್ರೆ ಏನಂದ್ಕೋತಾರೆ?"

ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. "ದಿನಕ್ಕೆ ಎಷ್ಟು ಗಂಟೆ ಕೆಲಸ ನಿಂಗೆ?"

"ಪೈಪು ಕಟ್ಕೊಂಡಷ್ಟು ಹೊತ್ತು."

"ಮಧ್ಯ ವಿರಾಮ?"

"ಕೈ ಚೇಂಬರಲ್ಲಿ ಇಟ್ಕೊಂಡು ಎಂಥ ವಿರಾಮ ಯಜಮಾನ್ರೇ."

"ಸಹಾಯಕರು?"

"ಇದಾನಲ್ಲ," ಎಂದು ಎಡಗೈ ತೋರಿಸಿದ.

ನನ್ನೊಳಗೆ ತುಕ್ಕು ಹಿಡಿದು ಕೂತಿದ್ದ ಭಾಷಣಕಾರ ಎದ್ದು ಪಂಚೆ ಕಟ್ಟಿಕೊಂಡ. ನಾಗರಿಕತೆಯ ಕೊಳಕನ್ನೆಲ್ಲ ಪಾತಾಳದಲ್ಲಿ ನಿಂತು ಹೊರುವ ಶ್ರಮಜೀವಿ, ಅವನ ಬೆವರು, ಅವನ ಇತಿಹಾಸ, ಅವನ ಮುಷ್ಟಿ, ಯಾವುದನ್ನೂ ಬಿಡಲಿಲ್ಲ. ಟಾರ್ಚು ಮಾತ್ರ ಆಕಾಶ ನೋಡುತ್ತಿತ್ತು.

"ನೀನು ಒಂದು ದಿನ ಕೈ ಕಟ್ಟಿ ಕೂತರೆ ಇಡೀ ಊರು ಮೂಗು ಮುಚ್ಚಿಕೊಳ್ಳಬೇಕಾಗುತ್ತೆ!"

"ನಾನು ಬಸ್ ಹತ್ತಿದ್ರೆ ಈಗ್ಲೂ ಮುಚ್ಕೊಳ್ತಾರೆ."

"ಅದಕ್ಕೇ ಸಂಘ ಕಟ್ಟು. ಮೂರು ಜನ ಸೇರಿದರೆ ಸಂಘ. ಆದರೆ ಮುಷ್ಕರ ಹೂಡೋಕೆ ಹೊತ್ತು ನೋಡಬೇಕು. ಕೆಲಸ ಶುರು ಮಾಡೋ ಮುಂಚೆ ನಿಲ್ಲಿಸಿದರೆ ಮಾಲೀಕ ಬೇರೆಯವನನ್ನು ಕರೀತಾನೆ. ಮುಗಿಸಿ ನಿಲ್ಲಿಸಿದರೆ ನಗ್ತಾನೆ. ಅರ್ಧದಲ್ಲಿ ನಿಲ್ಲಿಸಬೇಕು."

ಅವನು ಬಿಚ್ಚಿಟ್ಟ ಪೈಪು ನೋಡಿದ. ತೆರೆದ ಚೇಂಬರು ನೋಡಿದ. "ಅರ್ಧ ಅಂದ್ರೆ, ಈಗ ಇದೆಯಲ್ಲ, ಹೀಗಾ?"

"ಹೀಗೇ!" ಎಂದೆ. ಇಂಥ ಚುರುಕು ಶಿಷ್ಯ ನನಗೆ ಯಾವ ಕಾಲದಲ್ಲೂ ಸಿಕ್ಕಿರಲಿಲ್ಲ.

ಅವನು ಸ್ಪ್ಯಾನರ್ ಕೆಳಗಿಟ್ಟ. ಕೈ ಒರೆಸಿಕೊಂಡ. ಫೋನು ತೆಗೆದು ಯಾರಿಗೋ "ಲೇ, ಇಬ್ರೂ ಬರ್ರೋ, ಲಾಂಡ್ರಿ ಅಕ್ಕನ ಮನೆ ಹತ್ರ ಸ್ಟ್ರೈಕು" ಎಂದ.

ಬೀದಿಯ ಕೊನೆಯ ಮನೆಗೆ ಬಣ್ಣ ಬಳಿಯುತ್ತಿದ್ದವನು ಮೂಗಿನ ಮೇಲೆ ಸುಣ್ಣ ಹಚ್ಚಿಕೊಂಡೇ ಬಂದ. ಕರೆಂಟಿನ ಕೆಲಸದವನು ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. ಮೂವರೂ ನಮ್ಮ ಮೆಟ್ಟಿಲ ಮೇಲೆ ಕೂತರು. ಘೋಷಣೆಗೆ ಮಾತು ಸಾಲದೆ ನನ್ನ ಕಡೆ ನೋಡಿದರು. ದೇವರಾಣೆ, ಒಂದೆರಡು ಹೇಳಿಕೊಟ್ಟೆ.

ಹೆಂಡತಿ ಹೊರಬಂದಳು. "ಏನ್ರೀ ಇದು? ನಲ್ಲೀಲಿ ನೀರಿಲ್ಲ."

"ಮುಷ್ಕರ."

"ಯಾರ ಮೇಲೆ?"

"ಮಾಲೀಕರ ಮೇಲೆ."

"ಮಾಲೀಕರು ಯಾರು?"

ಇಂಥ ನೇರ ಪ್ರಶ್ನೆಗಳಿಂದಲೇ ಎಷ್ಟೋ ಚಳವಳಿಗಳು ಹಾಳಾದದ್ದು. "ನೀನೇ ಕಣೇ," ಎಂದೆ.

"ಸರಿ. ಬೇರೆ ಪ್ಲಂಬರ್‌ಗೆ ಫೋನ್ ಮಾಡಿ."

"ಅದು ಮುಷ್ಕರ ಒಡೆದ ಹಾಗೆ."

"ನೀವೇ ಆ ಪೈಪ್ ಜೋಡಿಸಿ."

"ಅದೂ ಒಡೆದ ಹಾಗೇ."

"ನೀವು ಯಾರ ಕಡೆ?"

ನಾನು ನಡೆದುಹೋಗಿ ಮುಷ್ಕರ ನಿರತರ ಪಕ್ಕ ಕೂತೆ. ಬೇರೆ ದಾರಿಯಿರಲಿಲ್ಲ. ಜೀವಮಾನವಿಡೀ ಒಂದು ಕಡೆ ಕೂತು ಅಭ್ಯಾಸವಾದ ಅಂಡು ಇನ್ನೊಂದು ಕಡೆ ಕೂರುವುದಿಲ್ಲ. ಆದರೆ ಬಣ್ಣದವನು ಮೊಣಕೈಯಿಂದ ತಿವಿದ. "ಯಜಮಾನ್ರೇ, ಸ್ವಲ್ಪ ಆ ಕಡೆ. ಮಾಲೀಕರ ಮನೆಯೋರು ನಮ್ಮ ಜೊತೆ ಕೂತ್ರೆ ನೋಡೋರಿಗೆ ಸರಿ ಕಾಣಲ್ಲ." ಎದ್ದು ಒಳಗೆ ಹೋಗಹೊರಟೆ. ಹೆಂಡತಿ ಬಾಗಿಲಿಗೆ ಕೈ ಅಡ್ಡ ಇಟ್ಟಿದ್ದಳು. ಹೊಸ್ತಿಲ ಮೇಲೆ ಕೂತೆ. ಎರಡೂ ಕಡೆಯವರು ಹೊರದಬ್ಬಿದ ಮನುಷ್ಯನಿಗೆ ಹೊಸ್ತಿಲಿನ ಅಗಲ ಎಷ್ಟು ಕಡಿಮೆ ಎಂದು ಕೂತವರಿಗೇ ಗೊತ್ತು.

ಬಿಸಿಲೇರಿತು. ತೊಟ್ಟಿಯ ನೊರೆ ಸತ್ತು ನೀರು ಬೂದಿ ಬಣ್ಣಕ್ಕೆ ತಿರುಗಿತು. ಹೊಸ ನೀರು ಬರುವಂತಿಲ್ಲ, ಹಳೆಯದು ಹೋಗುವಂತಿಲ್ಲ. ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಸಣ್ಣಗೆ ಶುರುವಾಯಿತು. ಹೆಂಡತಿ ಕೋಲಿನಿಂದ ಹಾಸುಗಳನ್ನು ತಿರುವುತ್ತಿದ್ದಳು. ಮೊದಮೊದಲು ಬೈಯುತ್ತಿದ್ದಳು. ನನ್ನ ವಂಶ, ನನ್ನ ಪಕ್ಷ, ನನ್ನ ಗಡ್ಡ ಎಲ್ಲ ಆಯಿತು. ಆಮೇಲೆ ಬೈಯುವುದನ್ನು ನಿಲ್ಲಿಸಿದಳು. ಕೋಲು ಆಡುವ ಸದ್ದು ಮಾತ್ರ. ಪೊಲೀಸ್ ವ್ಯಾನಿನೊಳಗೂ ನನಗೆ ಅಷ್ಟು ಭಯವಾಗಿರಲಿಲ್ಲ.

ಪ್ಲಂಬರನ ಕಿವಿಯಲ್ಲಿ ಪಿಸುಗುಟ್ಟಿದೆ. "ನಾಳೆಗೆ ಮುಂದೂಡೋಣ್ವೇನಪ್ಪ? ಲಾಡ್ಜಿನವರು ನೋಡಿ ಹೋಗಲಿ, ಆಮೇಲೆ ನಾನೇ ನಿನ್ನ ಜೊತೆ ಉಪವಾಸ ಕೂರ್ತೀನಿ."

"ಮುಂದೂಡೋದು ಅಂದ್ರೆ ಸೋತ ಹಾಗೆ ಅಂತ ನೀವೇ ಅಂದ್ರಿ."

"ಅಂದೆನಾ?"

"ಟಾರ್ಚ್ ಮೇಲೆತ್ತಿ ಅಂದ್ರಿ."

ಅಷ್ಟರಲ್ಲಿ ಕೋಲಿನ ಸದ್ದು ನಿಂತಿತು. ಹೆಂಡತಿ ಬಂದು ನನ್ನನ್ನು ಒದ್ದೆ ಬಟ್ಟೆಯ ಗಂಟಿನಂತೆ ದಾಟಿ ಮೆಟ್ಟಿಲಿಳಿದಳು.

"ಏನಪ್ಪಾ ನಿಂಗೆ ಬೇಕಾಗಿರೋದು?"

"ಹಾಗೆಲ್ಲ ನೇರವಾಗಿ ಕೇಳೋ ಹಾಗಿಲ್ಲ!" ಎಂದು ನಾನು ಎದ್ದೆ. "ಮೊದಲು ಮನವಿ, ಆಮೇಲೆ ಗಡುವು, ಆಮೇಲೆ..."

"ನೀವು ಸುಮ್ನಿರಿ," ಎಂದರು ಇಬ್ಬರೂ. ಮಾಲೀಕರೂ ಕಾರ್ಮಿಕರೂ ಒಮ್ಮತಕ್ಕೆ ಬಂದ ಮೊದಲ ಅಂಶ ಅದು.

ಪ್ಲಂಬರ್ ಬೆರಳು ಮಡಿಸಿದ. "ಬಿಸಿ ಚಾ ಬೇಕಕ್ಕ. ಆರಿದ್ದು ಬೇಡ. ಕೆಲಸದ ಮಧ್ಯ ಕೂತ್ಕೊಳ್ಳೋಕೆ ಬಿಡ್ಬೇಕು. ಮತ್ತೆ ಒಬ್ಬ ಸಹಾಯಕ. ತೋಳು ಇಳಿಬಿಟ್ಟೂ ಬಿಟ್ಟೂ ಈ ಭುಜ ಹೋಯ್ತು."

"ಚಾ ಈಗ್ಲೇ ಮಾಡ್ತೀನಿ. ಎಷ್ಟೊತ್ತು ಬೇಕಾದ್ರೂ ಕೂತ್ಕೋ. ಸಹಾಯಕ..." ಹೆಂಡತಿ ಹಿಂದೆ ತಿರುಗಲೂ ಇಲ್ಲ, ಹೆಬ್ಬೆರಳನ್ನು ಹೊಸ್ತಿಲ ಕಡೆ ಆಡಿಸಿದಳು. "ಅಲ್ಲಿ ಬಿದ್ದಿದೆ, ತಗೊಂಡು ಹೋಗು."

ಮುಷ್ಕರ ಮುಗಿಯಿತು. ಎಲ್ಲ ಬೇಡಿಕೆಗಳೂ ಈಡೇರಿದವು.

ಆಮೇಲೆ ನಾನು ಓಣಿಯಲ್ಲಿ ಬೋರಲು ಬಿದ್ದಿದ್ದೆ. ಬಲತೋಳು ಭುಜದವರೆಗೆ ಚೇಂಬರಿನಲ್ಲಿ, ಕೆನ್ನೆ ಸಿಮೆಂಟಿನ ಮೇಲೆ. ಪ್ಲಂಬರ್ ಪಕ್ಕದಲ್ಲಿ ಕೂತು ಚಹಾ ಹೀರುತ್ತ ಟಾರ್ಚು ಹಿಡಿದಿದ್ದ. (ಅವನು ಸರಿಯಾಗಿ ಹಿಡಿಯುತ್ತಾನೆ, ಒಪ್ಪಬೇಕು.)

"ಇನ್ನೂ ಒಳಗೆ ಯಜಮಾನ್ರೇ. ಮೆತ್ತಗೆ ಸಿಗ್ತಾ?"

"ಏನೋ ಸಿಕ್ತು."

"ಎಳೀರಿ."

"ಕೈ ಸೋತು ಹೋಯ್ತಪ್ಪ. ಸ್ವಲ್ಪ ವಿರಾಮ."

"ವಿರಾಮ ಸಂಘದವರಿಗೆ."

"ಹಾಗಾದ್ರೆ ನನ್ನನ್ನೂ ಸೇರಿಸ್ಕೊಳ್ಳಿ!"

ಬಣ್ಣದವನು, ಕರೆಂಟಿನವನು, ಪ್ಲಂಬರ್ ತಲೆ ಹತ್ತಿರ ತಂದು ಗುಸುಗುಸು ಸಭೆ ನಡೆಸಿದರು. ತೀರ್ಮಾನ ಸರ್ವಾನುಮತದ್ದು. "ಆಗಲ್ಲ. ಮಾಲೀಕರ ಕಡೆಯೋರನ್ನ ಸೇರಿಸ್ಕೊಂಡ್ರೆ ಸಂಘ ಕೆಡುತ್ತೆ." ನನಗೆ ಮತವಿದ್ದಿದ್ದರೆ ನಾನೂ ಹಾಗೇ ಹಾಕುತ್ತಿದ್ದೆ. ಆ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಕೊನೆಗೂ ಆ ಕಸದ ಕಂಬಳಿ ಕಿತ್ತು ಬಂತು. ಪ್ಲಂಬರ್ ಪೈಪು ಜೋಡಿಸಿ ವಾಲ್ವ್ ತಿರುಗಿಸಿದ. ಒಳಗಿನಿಂದ ಹೆಂಡತಿ ತೊಟ್ಟಿಯ ಬೂಚು ಕಿತ್ತಳು. ನಾನಿನ್ನೂ ಚೇಂಬರಿನ ಮೇಲೇ ಬಾಗಿದ್ದೇನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವಂತೆ.

ಹಾಸುಗಳು ಒಗೆಸಿಕೊಂಡು, ಜಾಲಿಸಿಕೊಂಡು, ಯಂತ್ರದಲ್ಲಿ ಸುತ್ತಿ ಒಣಗಿ, ಇಸ್ತ್ರಿಯಾಗಿ ಬಿಸಿ ಆರುವ ಮುಂಚೆಯೇ ಲಾಡ್ಜಿನ ಮ್ಯಾನೇಜರ್ ಬಂದ. ಕಡ್ಡಿಯಂಥ ಮನುಷ್ಯ. ಹಾಸನ್ನು ಬೆರಳ ನಡುವೆ ಉಜ್ಜಿದ. ಮೂಸಿದ. ಬೆಳಕಿಗೆ ಹಿಡಿದ. ಅವನು ಹಾಸನ್ನು ಇಟ್ಟು ಓಣಿಗೆ ಇಣುಕಿದ. ಅಲ್ಲಿ ನಾನು ಜಾಲರಿ ತೊಳೆಯುತ್ತಿದ್ದೆ.

"ನಮ್ಮ ಹಳೇ ಲಾಂಡ್ರಿಯೋರು ಮೋರಿ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಶೀಟೆಲ್ಲ ನಾತ. ನೀವು ಇದಕ್ಕೇ ಅಂತ ಒಬ್ಬನ್ನ ಇಟ್ಟಿದ್ದೀರಲ್ಲ, ಭೇಷ್. ಹೇಗೆ ಕೆಲಸ?"

ಹೆಂಡತಿ ನನ್ನನ್ನು ನೋಡಿದಳು. ಬಾಯಿ ತೆರೆದರೆ ಲಾಂಡ್ರಿ ಹೋಯಿತು ಎಂದು ಆ ನೋಟದಲ್ಲಿ ಬರೆದಿತ್ತು.

"ಕೆಲಸ ಪರವಾಗಿಲ್ಲ ಸಾರ್. ಮಾತು ಜಾಸ್ತಿ."

"ದಿನಗೂಲಿಯವನಾ? ಇವರೆಲ್ಲ ನಾಳೆ ಇರ್ತಾರೆ, ನಾಡಿದ್ದು ಇರಲ್ಲ. ಪ್ರತಿ ತಿಂಗಳೂ ಇವನೇ ಹೀಗೆ ಇಳಿದು ತೆಗೀತಾನೆ ಅನ್ನೋದಾದ್ರೆ ನಾಳೆಯಿಂದಲೇ ನಮ್ಮ ಬಟ್ಟೆ ಎಲ್ಲ ನಿಮಗೆ."

"ದಿನಗೂಲಿ ಅಲ್ಲ ಸಾರ್," ಎಂದಳು ಹೆಂಡತಿ. "ಖಾಯಂ."

ಎಷ್ಟು ಜನ ಗುತ್ತಿಗೆ ಕೂಲಿಗಳ ಖಾಯಮಾತಿಗಾಗಿ ನಾನು ಬೀದಿಯಲ್ಲಿ ಮಲಗಿದ್ದೇನೋ ಲೆಕ್ಕವಿಲ್ಲ. ಒಬ್ಬನಿಗೂ ಆದೇಶ ಸಿಗಲಿಲ್ಲ. ನನಗೆ, ಅರ್ಜಿ ಹಾಕದಿದ್ದರೂ, ನಿಂತ ಕಾಲಲ್ಲಿ ಸಿಕ್ಕಿತು.

ಮೆಟ್ಟಿಲ ಮೇಲಿದ್ದ ಸಂಘದ ಮೂವರೂ ಎದ್ದು ಚಪ್ಪಾಳೆ ತಟ್ಟಿದರು. ಬಣ್ಣದವನು ಉಮೇದಿನಲ್ಲಿ "ದುಡಿಯುವ ಜನರಿಗೆ..." ಎಂದು ಕೂಗಿದ. ನನ್ನ ಕೈ ನನ್ನನ್ನು ಕೇಳಲಿಲ್ಲ. "ಜಯವಾಗಲಿ!" ಎಂದು ಮುಷ್ಟಿ ಎತ್ತಿಯೇ ಬಿಟ್ಟೆ. ಮುಷ್ಟಿಯಲ್ಲಿದ್ದ ಜಿಡ್ಡೆಲ್ಲ ತೋಳಿನುದ್ದಕ್ಕೂ ನಿಧಾನವಾಗಿ ಇಳಿದು ಕಂಕುಳು ಸೇರಿತು.

"ಲೇ," ಎಂದಳು ಮಾಲೀಕಳು, ಮ್ಯಾನೇಜರನ ಎದುರು ನಾಟಕ ಬಿಡದೆ, "ಆ ಅಂಗೀನ ಲಾಡ್ಜಿನ ಶೀಟಿನ ಜೊತೆ ಹಾಕ್ಬೇಡ. ಬೇರೆ ಒಗಿ."