ಕೆಂಪರಾಜುವಿನ ಚೊಚ್ಚಲ ಲೆಕ್ಚರು

ನಿಘಂಟು ಬರೆದವರು ಲೆಕ್ಚರೆಂದರೆ ಉಪನ್ಯಾಸ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಅವರು ಯಾರೂ ಹೊಂಗನೂರಿನಲ್ಲಿ ಸಂಸಾರ ಮಾಡಿದವರಲ್ಲ. ಕಾಲೇಜಿನ ಲೆಕ್ಚರು ಬೇಜಾರಾದರೆ ಹಿಂದಿನ ಬಾಗಿಲಿಂದ ಜಾರಿಕೊಳ್ಳಬಹುದು. ಹೆಂಡತಿಯ ಲೆಕ್ಚರಿಗೆ ಹಾಜರಿ ಕಡ್ಡಾಯ, ಬೆಲ್ಲೂ ಹೊಡೆಯುವುದಿಲ್ಲ. ಇದು ಕೆಂಪರಾಜುವಿನ ಅನುಭವಸಿದ್ಧ ಅಭಿಪ್ರಾಯ.

ಅವನ ಹೆಂಡತಿ ಭಾನುಪ್ರಿಯ ಹಿತ್ತಲ ಕೋಣೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ಹುಳುವಿನ ಮನೆಗೆ ದೇವರ ಮನೆಗಿಂತ ಹೆಚ್ಚು ಮಡಿ. ಆ ಮಡಿಯನ್ನು ಅವಳು ಪಡಸಾಲೆ, ಮಂಚ ಮತ್ತು ಗಂಡನವರೆಗೂ ವಿಸ್ತರಿಸಿದ್ದಳು. ಬೆಳಗ್ಗೆ ಅವನು ಬಿಡದಿಯ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿಗೆ ಹೊರಟನೋ, ಶುರು.

"ತಗಂಡಿದ್ನ ತಗಂಡ ಜಾಗ್ದಲ್ಲೇ ಮಡಗಕ್ಕೆ ಏನ್ರೀ ರೋಗ ನಿಮ್ಗೆ? ಒದ್ದೆ ಟವಲ್ಲು ಮಂಚದ್ ಮ್ಯಾಲೆ!"

"ಲೆಕ್ಚರ್ ಹೊಡೀಬ್ಯಾಡ ಕಣೆ. ಕಂಪನೀಲಿ ಒಂದು, ಮನೇಲಿ ಒಂದು!"

ಕಂಪನಿಯಲ್ಲೂ ಒಂದಿತ್ತು, ನಿಜ. ಕೆಲಸಕ್ಕೆ ಮೊದಲು ಎಲ್ಲರೂ ಸಾಲಾಗಿ ನಿಲ್ಲಬೇಕು, ಲೀಡರ್ ಶಿಸ್ತು, ಸ್ವಚ್ಛತೆಗಳ ಬಗ್ಗೆ ಲೆಕ್ಚರು ಕೊಡಬೇಕು. (ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ ಕೆಂಪರಾಜುವಿಗೆ ಸಿದ್ಧಿಸಿದ್ದು ಅಲ್ಲಿಯೇ.) ಹಳೆಯ ಲೀಡರ್ ಕೆಲಸ ಬಿಟ್ಟಾಗ ಮ್ಯಾನೇಜರು ಕೆಂಪರಾಜುವನ್ನು ಕರೆದು, ಸೋಮವಾರದಿಂದ ಲೆಕ್ಚರು ನೀನೇ ಕೊಡು, ನಾನೇ ಬಂದು ಕೇಳುತ್ತೇನೆ, ಚೆನ್ನಾಗಿದ್ದರೆ ನೀನೇ ಲೀಡರ್, ಇಲ್ಲದಿದ್ದರೆ ಬಾಲರಾಜು ಎಂದರು. ಬಾಲರಾಜು ಪಕ್ಕದ ಮನೆಯವನು. ಅವನ ಎದುರು ಸೋತರೆ ಬಸ್ಸಿನಲ್ಲೂ ಊರಿನಲ್ಲೂ ತಲೆ ಎತ್ತುವಂತಿರಲಿಲ್ಲ.

ಭಾನುವಾರ ಕೆಂಪರಾಜು ತಾಯಿಯನ್ನೂ ಹೆಂಡತಿಯನ್ನೂ ಪಡಸಾಲೆಯಲ್ಲಿ ಕೂರಿಸಿ, ಗಂಟಲು ಸರಿಮಾಡಿಕೊಂಡ.

"ಸನ್ಮಿತ್ರರೇ..."

"ಯಾರ್ಲಾ ನಿಂಗೆ ಸನ್ಮಿತ್ರರು? ನಾನ್ ನಿನ್ ಹೆತ್ತವ್ವ ಕಣ್ಲಾ!" ಎಂದಳು ತಾಯಿ ಕೆಂಚಮ್ಮ.

"ಹೋಗ್ಲಿ ಬುಡಿ ಅತ್ತೆ, ಇವ್ರು ಬಾಯ್ ಬುಡೋದೇ ಅಪ್ರೂಪ," ಎಂದಳು ಭಾನುಪ್ರಿಯ.

"ಶಿಸ್ತು ಅಂದ್ರೆ..." ಎಂದ ಕೆಂಪರಾಜು. ಶಿಸ್ತು ಅಂದರೆ ಏನೆಂದು ಸಂಜೆಯಾದರೂ ಹೊಳೆಯಲಿಲ್ಲ. ಕೆಂಚಮ್ಮ ಕೂತಲ್ಲೇ ಗೊರಕೆ ಹೊಡೆದಳು.

ಸೋಮವಾರ ಕೆಂಪರಾಜು ಸಾಲಿನ ಎದುರು ನಿಂತ. ಮ್ಯಾನೇಜರು ಕೈಕಟ್ಟಿ ನೋಡುತ್ತಿದ್ದರು. ಬಾಲರಾಜು ಆಗಲೇ ಲೀಡರ್ ಆದವನಂತೆ ನಗುತ್ತಿದ್ದ. ಕೆಂಪರಾಜು "ಶಿಸ್ತು ಅಂದ್ರೆ..." ಎಂದು ಮತ್ತೆ ಅಲ್ಲಿಗೇ ಸಿಕ್ಕಿಕೊಂಡ. ಆಗ ಮಿಷನ್ನಿನ ಮೇಲೆ ಯಾರೋ ಬಿಸಾಡಿದ್ದ ಒದ್ದೆ ಗ್ಲೌಸು ಕಣ್ಣಿಗೆ ಬಿತ್ತು. ಬಾಯಿ ತಾನೇ ತೆರೆಯಿತು.

"ತಗಂಡಿದ್ನ ತಗಂಡ ಜಾಗ್ದಲ್ಲೇ ಮಡಗಕ್ಕೆ ಏನ್ ರೋಗ ನಿಮ್ಗೆ? ಹೇಳೀ ಹೇಳೀ ನನ್ ಗಂಟ್ಲು ಬಿದ್ದೋಯ್ತು! ಬೀದೀ ಧೂಳೆಲ್ಲ ಒಳೀಕೆ ತಂದು ಹುಳ ಸತ್ರೆ ಯಾರು ಹೊಣೆ?" ಅಷ್ಟರಲ್ಲಿ ಅವನ ಕೈ ಸೊಂಟಕ್ಕೆ ಹೋಗಿ ಇಲ್ಲದ ಸೆರಗನ್ನು ಸಿಕ್ಕಿಸಿಯಾಗಿತ್ತು. "ನೆಟ್ಟಗಿದ್ರೆ ಸರಿ, ಇಲ್ಲಾಂದ್ರೆ ನಾನ್ ನಮ್ಮವ್ವನ್ ಮನೆಗೆ ಹೊಂಟೋಯ್ತೀನಿ!"

ಸಾಲಿನವರು ಮುಖ ಮುಖ ನೋಡಿಕೊಂಡರು. ಆಮೇಲೆ ಮ್ಯಾನೇಜರು ಚಪ್ಪಾಳೆ ತಟ್ಟಿದರು. "ಭೇಷ್! ಕಂಪನೀನ ಸ್ವಂತ ಮನೆ ಅಂದ್ಕೊಂಡಿದ್ದೀಯ. ಈ ವಾರವೆಲ್ಲ ನೋಡೋಣ. ಆದ್ರೆ ದಿನಾ ಹೊಸದು ಬೇಕು."

ಸಂಜೆ ಕೆಂಪರಾಜು ಬೂಟು ಬಿಚ್ಚುವ ಮೊದಲೇ ಬಾಲರಾಜು ಬಾಗಿಲಲ್ಲಿದ್ದ. "ಅತ್ಗೇ, ನಿಮ್ ಲೆಕ್ಚರಿಗೆ ಕಂಪನೀಲಿ ಚಪ್ಪಾಳೆ ಬಿತ್ತು! ಅವ್ವನ್ ಮನೆಗೆ ಹೋಗೋದನ್ನೂ ಬುಡ್ಲಿಲ್ಲ ಇವ್ನು!"

ಭಾನುಪ್ರಿಯ ಏನೂ ಅನ್ನದೆ ಒಳಗೆ ಹೋದಳು. ರಾತ್ರಿ ಊಟಕ್ಕೂ ಮಾತಿಲ್ಲ. ಕೆಂಪರಾಜುವಿಗೆ ಹಾಯೆನಿಸಿತು.

ಬೆಳಗ್ಗೆ ಎದ್ದಾಗ ಮ್ಯಾನೇಜರು ಹೊಸ ಲೆಕ್ಚರು ಕೇಳಿದ್ದು ನೆನಪಾಯಿತು. ಇವತ್ತಿಗೆ ಏನು ಹೇಳುವುದು? ಒದ್ದೆ ಟವಲನ್ನು ಮಂಚದ ಮೇಲೆ ಎಸೆದ. ಭಾನುಪ್ರಿಯ ಸುಮ್ಮನೆ ತೆಗೆದು ಹರವಿದಳು. ಎಂಜಲು ತಟ್ಟೆಯನ್ನು ಕಿಟಕಿಯಲ್ಲಿಟ್ಟ. ಸುಮ್ಮನೆ ತೊಳೆದಿಟ್ಟಳು.

"ಭಾನೂ, ಒಸಿ ಏನಾರ ಬೈಯೇ!"

"ನಾನೇನ್ ಓದ್ದೋಳಾ ಲೆಕ್ಚರ್ ಕೊಡಕ್ಕೆ?"

ಬಸ್ಸಿನ ಹೊತ್ತಾಗುತ್ತಿತ್ತು. ಬೇರೆ ದಾರಿ ಕಾಣದೆ ಕೆಂಪರಾಜು ಬೂಟುಗಾಲಲ್ಲಿ ಹುಳುವಿನ ಮನೆಯ ಹೊಸ್ತಿಲು ದಾಟಿದ.

ಆಗ ಹೊರಟಿತು ನೋಡಿ! ಅವಳು ಕೂಡಿಟ್ಟಿದ್ದೆಲ್ಲ ಒಮ್ಮೆಗೇ ಬಂತು. ಬೂಟಿನಿಂದ ಶುರುವಾಗಿ, ಮದುವೆಯ ದಿನ ಇವನು ಉಂಗುರ ಕಳೆದದ್ದರ ತನಕ ಹೋಗಿ, ಮತ್ತೆ ಬೂಟಿಗೇ ಬಂತು. ಕೆಂಪರಾಜು ಭಕ್ತಿಯಿಂದ ತಲೆತಗ್ಗಿಸಿ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ತುಂಬಿಕೊಂಡ. ಮುಗಿದು ಬೀದಿಗೆ ಓಡಿದಾಗ ಬಸ್ಸು ಹೋಗಿಬಿಟ್ಟಿತ್ತು.

ಸಿಕ್ಕಿದ ಬಸ್ಸುಗಳಲ್ಲಿ ನೇತಾಡಿಕೊಂಡು ಅವನು ಕಂಪನಿ ತಲುಪಿದಾಗ ಎಲ್ಲರೂ ಸಾಲಾಗಿ ನಿಂತಿದ್ದರು. ಎದುರಿಗೆ ಬಾಲರಾಜು, ಸೊಂಟದ ಮೇಲೆ ಕೈ.

"ಬೂಟ್ಗಾಲಲ್ಲಿ ಒಳೀಕೆ ನುಗ್ತೀರಲ್ಲ, ನಿಮ್ಗೇನ್ ಕಣ್ ಕಾಣಕ್ಕಿಲ್ವಾ?"

(ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಬಾಲರಾಜು ಅದಕ್ಕೆ ಕಿವಿಗೊಟ್ಟು ನಿಂತಿದ್ದು, ಬೇಕಾದಷ್ಟು ಕೇಳಿಸಿಕೊಂಡು, ಹೊತ್ತಿಗೆ ಸರಿಯಾಗಿ ಬಸ್ಸು ಹತ್ತಿದ್ದ.)

ಮ್ಯಾನೇಜರು ಚಪ್ಪಾಳೆ ತಟ್ಟುತ್ತಿದ್ದರು. "ಇದು ಅಂದ್ರೆ ಲೆಕ್ಚರು! ನಾಳೆಯಿಂದ ನೀನೇ ಕೊಡಪ್ಪಾ," ಎಂದವರು, ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ಕೆಂಪರಾಜುವಿನ ಕಡೆ ತಿರುಗಿದರು. "ತಡವಾಗಿ ಬಂದಿದ್ದೀಯ. ಹಿಂದೆ ನಿಂತ್ಕೊಂಡು ಕೇಳಿಸ್ಕೋ."

ಕೆಂಪರಾಜು ಸಾಲಿನ ಕೊನೆಗೆ ಹೋಗಿ ನಿಂತು, ಹೆಂಡತಿಯ ಲೆಕ್ಚರನ್ನು ಅಂದು ಎರಡನೆಯ ಸಲ ಕೇಳಿದ.